ಹುಡುಗರ ಬ್ಯಾಂಡಿನ ನಾಲ್ಕನೇ ಸಿಂಗಲ್: ದನಿ ಬಲಿಯಬೇಕು, ಸೊರಗಬಾರದು

ಕಾಳಿದಂಡೆ
ಎಲ್ಲರಿಗೂ ನಮಸ್ಕಾರ. ಕಾರವಾರದ ಐವರು ಹುಡುಗರ ತಂಡ, ವಯಸ್ಸು 18ರಿಂದ 21. ಈವರೆಗೆ ಬಿಟ್ಟ ಮೂರೂ ಹಾಡು ಕುಣಿತದವು. ನಾಲ್ಕನೆಯದು ಸ್ವಲ್ಪ ಗಂಭೀರವಾಗಿರಲಿ ಅಂತ ತೀರ್ಮಾನ. ಮೊದಲ ರಫ್ ಮಿಕ್ಸಿನ ಲೆಕ್ಕ ಹೀಗಿತ್ತು: ಸಿ ಮೇಜರ್, 124 ಬಿಪಿಎಂ (ನಿಮಿಷಕ್ಕೆ 124 ಪೆಟ್ಟು), ನಾಲ್ಕೇ ಕಾರ್ಡು (ಸಿ, ಜಿ, ಎ ಮೈನರ್, ಎಫ್), ಉದ್ದ 3 ನಿಮಿಷ 50 ಸೆಕೆಂಡು. ಪಲ್ಲವಿಗೆ ಐದೂ ಜನ, ಒಬ್ಬೊಬ್ಬರದು ಎರಡೆರಡು ಟ್ರ್ಯಾಕ್. ಕೊನೇ ಪಲ್ಲವಿಯಲ್ಲಿ ಶ್ರುತಿ ಎರಡು ಮನೆ (ಕಪ್ಪು-ಬಿಳಿ ಎಲ್ಲ ಸೇರಿಸಿ ಎಣಿಸಿದ್ರೆ ಕೀಬೋರ್ಡಿನ ಎರಡು ಕೀ) ಮೇಲೆ ಏರ್ತದೆ. ಲೀಡ್, ಅಂದ್ರೆ ಮುಖ್ಯ ದನಿಯ ಅತಿ ಮೇಲಿನ ಸ್ವರ ಎ4 (ಕೀಬೋರ್ಡಿನ ನಡುವಿನ ಸಿ ಮೇಲೆ ಬರೋ ಎ).

ಗಂಭೀರ ಮಾಡ್ಲಿಕ್ಕೆ ಅಂತ ವೇಗ 80ಕ್ಕೆ ಇಳಿಸಿ, ಮೈನರ್‌ಗೆ ತಿರುಗಿಸಿ, ಹಿಂದೆ ವಯಲಿನ್ ಪ್ಯಾಡ್ ಹರಡಿದ್ದಾಯ್ತು. ಈಗ ಶಾಲೆಯ ಬೀಳ್ಕೊಡುಗೆ ಸಮಾರಂಭದ ಹಾಡಿನ ಹಾಗೆ ಕೇಳ್ತದೆ. ತಪ್ಪು ಎಲ್ಲಿದೆ?

ಕುಮಟಾ ಕೀಬೋರ್ಡ್
ತಪ್ಪು ವೇಗದಲ್ಲಿಲ್ಲ, ಮೈನರ್‌ನಲ್ಲೂ ಇಲ್ಲ. ಹತ್ತು ದನಿಯ ಟ್ರ್ಯಾಕ್ ಒಂದೇ ಸ್ವರದಲ್ಲಿ ಕೂಗಿದ್ರೆ ಯಾವ ವೇಗದಲ್ಲೂ ಅದು ಪ್ರಾರ್ಥನೆಯೇ. ಮೊದಲು ಜನರನ್ನು ಕಳೆಯಿರಿ, ಆಮೇಲೆ ಉಳಿದದ್ದು.

ಮಿಕ್ಸರ್ ಮಾಣಿ, ಶಿರಸಿ
ಮೇಲಿನವರು ಹೇಳಿದ್ದು ಖರೆ. ಇದೇ ದಾರಿ ಹಿಡಿದ ದೊಡ್ಡ ಬ್ಯಾಂಡುಗಳ ಹಾಡು ತೆಗೆದು ಕೇಳಿ, ಒಂದೇ ಸೂತ್ರ ಸಿಗ್ತದೆ. ಟೇಕ್ ದಟ್‌ನ 'ಬ್ಯಾಕ್ ಫಾರ್ ಗುಡ್' 1995ರದ್ದು. ಹಾಡು ಬರೆದ ಗ್ಯಾರಿ ಬಾರ್ಲೋನೇ ಮುಂದೆ ನಿಂತು ಹಾಡ್ತಾನೆ, ಉಳಿದವರು ಹಿಂದೆ. ಎನ್‌ಸಿಂಕ್‌ನ 'ಗಾನ್' 2001ರದ್ದು, ಅಲ್ಲಿ ಲೀಡ್ ಪೂರ್ತಿ ಜಸ್ಟಿನ್ ಟಿಂಬರ್ಲೇಕ್‌ದು. ಗಿಟಾರು, ಸ್ಟ್ರಿಂಗ್ಸು, ಬಾಯಲ್ಲೇ ಮಾಡಿದ ಬೀಟ್‌ಬಾಕ್ಸು. ಬ್ಯಾಕ್‌ಸ್ಟ್ರೀಟ್ ಬಾಯ್ಸ್‌ನ 'ಇನ್‌ಕಂಪ್ಲೀಟ್' 2005ರಲ್ಲಿ ಬಂತು, ಪಿಯಾನೋ ಮತ್ತು ಒಂಟಿ ದನಿಯಿಂದ ಶುರು. ವನ್ ಡೈರೆಕ್ಷನ್‌ನ 'ಸ್ಟೋರಿ ಆಫ್ ಮೈ ಲೈಫ್' 2013ರದ್ದು, ಬೆರಳಲ್ಲಿ ಬಿಡಿಸಿದ ಗಿಟಾರಿನ ಮೇಲೆ ಒಬ್ಬರಾದ ಮೇಲೆ ಒಬ್ಬರು ಬರ್ತಾರೆ.

ನಾಲ್ಕರಲ್ಲೂ ಕೇಳುವವನಿಗೆ "ಇವನು ಹಾಡ್ತಾ ಇದ್ದಾನೆ" ಅಂತ ಒಬ್ಬ ಮನುಷ್ಯ ಸಿಗ್ತಾನೆ. ಗುಂಪಿನ ದನಿಗೆ ವಯಸ್ಸೇ ಇಲ್ಲ, ಒಂಟಿ ದನಿಗೆ ಇದೆ.

ಬೈತಖೋಲ್ ಬೇಸ್
ಮಾಣಿ ಹೇಳಿದ್ದಕ್ಕೆ ಒಂದು ಬಾಲ. ಎನ್‌ಸಿಂಕ್‌ನವರು 'ಗಾನ್' ಬಿಡುವ ಮೊದಲು ಅದೇ ಆಲ್ಬಮ್ಮಿಂದ 'ಪಾಪ್' ಅನ್ನೋ ಕುಣಿತದ ಹಾಡು ಬಿಟ್ಟಿದ್ರು. ವನ್ ಡೈರೆಕ್ಷನ್‌ನವರೂ 2013ರಲ್ಲಿ ಮೊದಲು 'ಬೆಸ್ಟ್ ಸಾಂಗ್ ಎವರ್' ಬಿಟ್ಟು ಆಮೇಲೆ ಇದನ್ನು ಬಿಟ್ರು. ಅಭಿಮಾನಿಗಳ ಕೈಯಲ್ಲಿ ಒಂದು ಹಳೇ ರುಚಿ ಕೊಟ್ಟು ಇನ್ನೊಂದು ಹೊಸದು ಬಡಿಸಿದ ಲೆಕ್ಕ. 'ಇನ್‌ಕಂಪ್ಲೀಟ್' ಮಾತ್ರ ನೇರ ಮೊದಲನೆಯದಾಗೇ ಬಂತು, ಆದ್ರೆ ಅದರ ಹಿಂದೆ ವರ್ಷಗಟ್ಟಲೆ ಬಿಡುವು ಇತ್ತು, ಜನ ಹಳೇ ದನಿಯನ್ನೇ ನಿರೀಕ್ಷೆ ಮಾಡ್ತಿರಲಿಲ್ಲ.

ಉಲ್ಟಾ ಉದಾಹರಣೆ ನ್ಯೂ ಕಿಡ್ಸ್ ಆನ್ ದ ಬ್ಲಾಕ್. ಹೆಸರು ಎನ್‌ಕೆಓಟಿಬಿ ಅಂತ ಮೊಟಕು ಮಾಡಿ, ಗಡಸು ಹಿಪ್‌ಹಾಪ್ ದನಿ ಹಾಕಿ 1994ರಲ್ಲಿ ಆಲ್ಬಮ್ ತಂದ್ರು. ಅದೇ ವರ್ಷ ತಂಡ ಒಡೀತು. ಅಂಗಿ, ಹೆಸರು, ದನಿ ಮೂರನ್ನೂ ಒಟ್ಟಿಗೆ ಬದಲಾಯಿಸಿದ್ರೆ ಕೇಳುಗನಿಗೆ ಗುರುತು ಹಿಡಿಯೋ ಎಳೆ ಒಂದೂ ಉಳಿಯೂದಿಲ್ಲ.

ಕಾಳಿದಂಡೆ
ಒಪ್ಪಿದೆ. ಮೂರನೇ ಕುಣಿತದ ಹಾಡು ಬಂದು ನಾಲ್ಕು ತಿಂಗಳು. ಅಂದ್ರೆ ಎಳೆ ಇದೆ. ಈಗ ಕಾರ್ಡು, ವೇಗದ ವಿಷಯ ಬಿಡಿಸಿ ಹೇಳಿ.

ಕುಮಟಾ ಕೀಬೋರ್ಡ್
80 ಬೇಡ. 96 ಇಡಿ. ಸ್ನೇರ್ (ಚಟ್ ಅನ್ನೋ ಡ್ರಮ್ಮು) ಎರಡು ಮತ್ತು ನಾಲ್ಕನೇ ಪೆಟ್ಟಿಗೆ ಹೊಡಿಯೂದು ಬಿಟ್ಟು ಮೂರನೇ ಪೆಟ್ಟಿಗೆ ಮಾತ್ರ ಹೊಡೀರಿ. ಕೇಳುವವನಿಗೆ ಹಾಡು ಅರ್ಧ ವೇಗದಲ್ಲಿ ನಡೆದ ಹಾಗೆ ಅನ್ನಿಸ್ತದೆ, ಹಾಡುವವನ ಮಾತು ಮಾತ್ರ ಎಳೆದಂತಾಗೂದಿಲ್ಲ. 80ಕ್ಕೆ ಇಳಿಸಿದಾಗ ಆಗಿದ್ದು ಇದೇ: ಸಾಹಿತ್ಯದ ಅಕ್ಷರಗಳ ನಡುವೆ ತೂತು ಬಿತ್ತು, ಆ ತೂತು ಮುಚ್ಚಲಿಕ್ಕೆ ವಯಲಿನ್ ಬಂತು.

96ರಲ್ಲಿ ನಾಲ್ಕು ಪೆಟ್ಟಿನ ಒಂದು ಬಾರ್ ಸರಿಯಾಗಿ 2.5 ಸೆಕೆಂಡು, ಲೆಕ್ಕ ಹಾಕ್ಲಿಕ್ಕೂ ಸಸಾರ. ಪೀಠಿಕೆ 4, ಚರಣ 16, ಪಲ್ಲವಿ 8, ಎರಡನೇ ಚರಣ 12, ಪಲ್ಲವಿ 8, ನಡುವಿನ ತುಂಡು 8, ಕೊನೇ ಪಲ್ಲವಿ 16, ಬಾಲ 4. ಒಟ್ಟು 76 ಬಾರ್, 3 ನಿಮಿಷ 10 ಸೆಕೆಂಡು. ಎರಡನೇ ಚರಣ ಮೊದಲನೆಯದಕ್ಕಿಂತ ಗಿಡ್ಡ ಇರೂದು ಬೇಕಂತಲೇ. ಕಥೆ ಗೊತ್ತಾದ ಮೇಲೆ ಮತ್ತೆ ಅಷ್ಟೇ ಹೊತ್ತು ಪೀಠಿಕೆ ಹಾಕಿದ್ರೆ ಜನ ಮುಂದಿನ ಹಾಡಿಗೆ ಹೋಗ್ತಾರೆ.

ಕಾರ್ಡು ಅವೇ ಇರಲಿ. ಒಳಗಿನ ಸ್ವರ ಬದಲಾಯಿಸಿ:

ಸಿ ಬದಲು ಸಿ ಆಡ್ 9: ಸಿ, ಇ, ಜಿ, ಡಿ
ಜಿ ಬದಲು ಜಿ ಸಸ್ 4: ಜಿ, ಸಿ, ಡಿ
ಎ ಮೈನರ್ ಬದಲು ಎ ಮೈನರ್ 7: ಎ, ಸಿ, ಇ, ಜಿ
ಎಫ್ ಬದಲು ಎಫ್ ಆಡ್ 9: ಎಫ್, ಎ, ಸಿ, ಜಿ

ಈಗ ನೋಡಿ, ನಾಲ್ಕರಲ್ಲೂ ಸಿ ಮತ್ತು ಜಿ ಉಳಿದಿವೆ. ಅಂದ್ರೆ ಸ ಮತ್ತು ಪ. ಬಲಗೈಯ ಎರಡು ಬೆರಳು ಈ ಎರಡು ಮನೆ ಬಿಟ್ಟು ಏಳಲೇಬಾರದು. ಕೆಳಗೆ ಎಡಗೈ ಮಾತ್ರ ಸಿ, ಜಿ, ಎ, ಎಫ್ ಅಂತ ನಡೀಲಿ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಕೂಡ್ಲೇ ಹಿಡಿಸ್ತದೆ. ಜಿ ಕಾರ್ಡಿನಿಂದ ಬಿ ಸ್ವರ ಹೋಯ್ತಲ್ಲ, "ಈಗ ಮನೆಗೆ ವಾಪಸ್ ಬಂದೆ" ಅಂತ ಗಂಟೆ ಹೊಡೀತಿದ್ದದ್ದು ಅದೇ. ಅದು ಇಲ್ಲದೆ ಹಾಡು ಮುಗಿದೂ ಮುಗಿಯದ ಹಾಗೆ ತೂಗ್ತದೆ. ವಯಸ್ಸು ಏರಿದ ಭಾವ ಬರೂದು ಅಲ್ಲಿಂದ.

ಹೊನ್ನಾವರ ಹಾರ್ಮನಿ
ಕೀಬೋರ್ಡಿನವರ ಲೆಕ್ಕ ಚಂದ ಉಂಟು. ಆದ್ರೆ ಇಡೀ ಹಾಡನ್ನು ಸಿ ಇಂದ ಎ ಗೆ, ಅಂದ್ರೆ ಬಿಳಿ ಒಂದರಿಂದ ಬಿಳಿ ಆರಕ್ಕೆ, ಮೂರು ಮನೆ ಇಳಿಸಿ. ಲೀಡಿನ ತುದಿ ಎ4 ಇದ್ದದ್ದು ಎಫ್ ಶಾರ್ಪ್ 4ಕ್ಕೆ ಬರ್ತದೆ. ಎ4ರಲ್ಲಿ ಆ ವಯಸ್ಸಿನ ಹುಡುಗ ಕೂಗ್ತಾನೆ, ಎಫ್ ಶಾರ್ಪ್‌ನಲ್ಲಿ ಹಾಡ್ತಾನೆ. ಐದು ಮನೆ ಇಳಿಸ್ತೇನೆ ಅಂತ ಹೊರಟ್ರೆ ಚರಣದ ಕೆಳಸ್ವರ ಗಂಟಲಲ್ಲೇ ಮುಳುಗಿ, ಮೈಕಿಗೆ ಬರೇ ಉಸಿರು ಬೀಳ್ತದೆ. ದಪ್ಪ ದನಿ ಅಂದ್ರೆ ಬಲಿತ ದನಿ ಅನ್ನೋ ಭ್ರಮೆ ಇಲ್ಲೇ ಕೈಕೊಡೂದು.

ಕೊನೇ ಪಲ್ಲವಿಯ ಶ್ರುತಿ ಏರಿಸೂದು ತೆಗೀರಿ. ಬ್ಯಾಕ್‌ಸ್ಟ್ರೀಟ್ ಬಾಯ್ಸ್‌ನ 1999ರ 'ಐ ವಾಂಟ್ ಇಟ್ ದ್ಯಾಟ್ ವೇ'ಯಲ್ಲಿ ಅದೇ ಎರಡು ಮನೆಯ ಜಿಗಿತ ಉಂಟು, ಆ ಕಾಲದ ಬಾಯ್ ಬ್ಯಾಂಡಿನ ರುಜು ಅದು. ಇಲ್ಲಿ ಏರಿಸಿದ ಕೂಡ್ಲೇ ಹಳೇ ಅಂಗಿ ಹಾಕಿಕೊಂಡ ಹಾಗೆ. ಅದರ ಬದಲು ಕೊನೇ 16 ಬಾರಿನ ಮೊದಲ 8ರಲ್ಲಿ ಡ್ರಮ್ಮು, ಬೇಸು ಎರಡನ್ನೂ ಪೂರ್ತಿ ನಿಲ್ಲಿಸಿ. 9ನೇ ಬಾರಿಗೆ ಒಟ್ಟಿಗೆ ಬರಲಿ. ಶ್ರುತಿ ಏರದೆಯೇ ಏರಿದ ಹಾಗೆ ಆಗ್ತದೆ.

ಇನ್ನು ದನಿಗಳ ಹಂಚಿಕೆ, ಎಲ್ಲಕ್ಕಿಂತ ಕೆಲಸ ಇರೂದು ಇಲ್ಲಿ. ಪಲ್ಲವಿಗೆ ಲೀಡ್ ಒಬ್ಬ, ನಡುವಿನಲ್ಲಿ. ಅವನದ್ದೇ ಇನ್ನೊಂದು ಟ್ರ್ಯಾಕ್ ಸಾಲಿನ ಕೊನೇ ಎರಡು ಪದಕ್ಕೆ ಮಾತ್ರ, 8ರಿಂದ 10 ಡಿಬಿ (ಸದ್ದಿನ ಜೋರಿನ ಅಳತೆ) ಕೆಳಗೆ. ಎರಡನೆಯವನು ಲೀಡಿಗಿಂತ ಕೆಳಗೆ ಹಾಡಲಿ, ಮೇಲೆ ಅಲ್ಲ. ಮೂರನೆಯವನು ಒಂದೇ ಸ್ವರ, ಪಂಚಮ, ಹಿಡಿದು ನಿಲ್ಲಲಿ. ನಾಲ್ಕನೆಯವನು ಕಳ್ಳದನಿಯಲ್ಲಿ (ತೆಳ್ಳಗಿನ ಫಾಲ್ಸೆಟ್ಟೊ) ಒಂದು ಸ್ಥಾಯಿ ಮೇಲೆ, ಕೊನೇ 8 ಬಾರಿಗೆ ಮಾತ್ರ. ಐದನೆಯವನು ಪಲ್ಲವಿಯಲ್ಲಿ ಸುಮ್ಮನಿರಲಿ. ಎರಡನೇ ಚರಣ ಪೂರ್ತಿ ಅವನಿಗೇ ಕೊಡಿ, ಬೇಸರವೂ ಆಗೂದಿಲ್ಲ. ಲೀಡಿನ ಮೇಲೆ ಮೂರನೇ ಸ್ವರದ ಅಂತರದಲ್ಲಿ ಉದ್ದಕ್ಕೂ ಜೊತೆ ನಡೆಯೋ ಹಾರ್ಮನಿ ಉಂಟಲ್ಲ, ಮಕ್ಕಳ ಹಾಡಿನ ಸಿಹಿ ಬರೂದು ಅದರಿಂದಲೇ.

ಮತ್ತೊಂದು: ಸ, ಶ, ಚ, ತ ಬರೋ ಕಡೆ ಅಕ್ಷರವನ್ನು ಲೀಡ್ ಮಾತ್ರ ಪೂರ್ತಿ ಉಚ್ಚರಿಸಲಿ. ಉಳಿದವರು "ಸಂಜೆ"ಯನ್ನು "ಅಂಜೆ" ಅಂತಲೇ ಹಾಡಲಿ. ಒಂಟಿಯಾಗಿ ಕೇಳಿದ್ರೆ ನಗು ಬರ್ತದೆ, ಕೂಡಿಸಿದಾಗ ಒಂದೇ ಬಾಯಿಂದ ಬಂದ ಹಾಗೆ ಕೂತ್ಕೊಳ್ತದೆ. ಹಾಗೆ ಮಾಡದಿದ್ರೆ ನಾಲ್ಕು ಸಕಾರ ಒಂದರ ಹಿಂದೊಂದು ಬಂದು ಒಗ್ಗರಣೆ ಸಿಡಿದ ಸದ್ದು.

ಬೈತಖೋಲ್ ಬೇಸ್
"ಅಂಜೆ" 😄 ಹಾರ್ಮನಿ ಅಕ್ಕ, ಇದೊಂದು ಮಾತಿಗೆ ಚಹಾ ಕೊಡಿಸಬೇಕು.

ಸೋಂದಾ ಸಾಲು
ಸಂಗೀತ ಆಯ್ತು, ಸಾಹಿತ್ಯದ ಬಗ್ಗೆ ಯಾರೂ ಕೇಳೂದೇ ಇಲ್ಲ. ಪಲ್ಲವಿ ಹಾಕು ತಮ್ಮಾ, ನೋಡ್ವ.

ಕಾಳಿದಂಡೆ
"ನೀನಿಲ್ಲದೆ ನಾ ಹೇಗಿರಲಿ, ಕಣ್ಣೀರಲಿ ನಾ ಮುಳುಗಿರಲಿ". ಇಷ್ಟು. ಮುಂದೆ "ಬೇಬಿ" ಅಂತ ಎರಡು ಸಲ ಬರ್ತದೆ.

ಸೋಂದಾ ಸಾಲು
ಬೇಬಿಯನ್ನು ಮೊದಲು ಮನೆಗೆ ಕಳಿಸು.

ಈ ಪಲ್ಲವಿಯಲ್ಲಿ ಒಂದೂ ವಸ್ತು ಇಲ್ಲ. ಜಾಗ ಇಲ್ಲ, ಹೊತ್ತು ಇಲ್ಲ, ಕೈಯಲ್ಲಿ ಹಿಡಿಯುವಂಥದ್ದು ಎಂತದೂ ಇಲ್ಲ. ಹದಿನಾರರವನೂ ಹಾಡಬಹುದು, ಅರವತ್ತರವನೂ ಹಾಡಬಹುದು, ಹಾಗಾಗಿ ಯಾರದ್ದೂ ಅಲ್ಲ. ಗೋಕರ್ಣದವರೇ ಆದ ಜಯಂತ ಕಾಯ್ಕಿಣಿ ಸಿನಿಮಾಕ್ಕೆ ಬರೆದ ಸಾಲುಗಳನ್ನು ಗಮನಿಸು, ದಿನಬಳಕೆಯ ಮಾತು ಅಲ್ಲಿ ಭಾವದ ಕೆಲಸ ಮಾಡ್ತದೆ. ಅವರ ಹಾಗೆ ಬರೆಯೂದು ಬೇಡ, ಬರೆಯಲಿಕ್ಕೆ ಬರೂದೂ ಇಲ್ಲ. ನಿನ್ನ ಊರಲ್ಲಿ ಬಿದ್ದಿರೋ ಸಾಮಾನು ಹೆಕ್ಕು. ಉದಾಹರಣೆಗೆ:

ಮಳೆ ನಿಂತ ಮೇಲೂ
ಹಂಚು ತೊಟ್ಟಿಕ್ಕುತ್ತೆ
ನೀ ಹೋದ ಮೇಲೂ
ಕೊಡೆ ಬಾಗಿಲಲ್ಲೇ

ಮಾತ್ರೆ ಎಣಿಸು: 9, 10, 9, 9. ಎರಡನೇ ಸಾಲಿಗೆ ಒಂದು ಜಾಸ್ತಿ ಇದೆ. ಅದನ್ನು ತಿದ್ದಬೇಡ, "ಹಂಚು" ಪೆಟ್ಟಿಗೆ ಸ್ವಲ್ಪ ಮೊದಲೇ ಶುರುವಾಗಲಿ. "ತೊಟ್ಟಿಕ್ಕುತ್ತೆ"ಯಲ್ಲಿ ಮೂರು ಒತ್ತು ಸಾಲಾಗಿ ಬಂದಿವೆ, ಹನಿ ಬಿದ್ದ ಸದ್ದು ಅದರಲ್ಲೇ ಇದೆ. ಅದನ್ನು ಎಳೆಯಬಾರದು, ಕಡಿದು ಹಾಡಬೇಕು. ಎಳೆಯಲಿಕ್ಕೆ "ಮೇಲೂ" ಮತ್ತು "ಬಾಗಿಲಲ್ಲೇ" ಇವೆ.

ಇಲ್ಲೊಂದು ಕಿವಿಮಾತು. ಇಂಗ್ಲಿಷಿನ ಪಲ್ಲವಿಗಳು "ವೇ" ತರಹದ ತೆರೆದ ಸ್ವರಕ್ಕೆ ಬಂದು ನಿಲ್ತವೆ, ಬಾಯಿ ಅಗಲಿಸಿ ಎಷ್ಟು ಹೊತ್ತು ಬೇಕಾದ್ರೂ ಹಿಡೀಬಹುದು. ಕನ್ನಡದ ಪದ ಬಹಳಷ್ಟು ಗಿಡ್ಡ ಉಕಾರಕ್ಕೋ ಎಕಾರಕ್ಕೋ ಮುಗಿತವೆ: ಕಡಲು, ನೆನಪು, ಮಳೆ. "ನೆನಪು" ಅನ್ನೋದನ್ನು ನಾಲ್ಕು ಪೆಟ್ಟು ಎಳೆದ್ರೆ "ನೆನಪೂಊಊ" ಆಗಿ ಹಾಸ್ಯ. ಸಾಲಿನ ಕೊನೆಗೆ ಏ, ಆ, ಓ ಬರೋ ರೂಪ ಆರಿಸು. ನೆನಪಲ್ಲೇ, ನೆನಪಾ, ನೆನಪೋ. ಲ-ಳ, ಶ-ಸ ವ್ಯತ್ಯಾಸ ಇರೂ ಪದವನ್ನು ಐವರೂ ಒಂದೇ ರೀತಿ ಹೇಳ್ತಾರಾ ಅಂತ ಮೊದಲೇ ಓದಿಸಿ ನೋಡು. ಒಬ್ಬ "ಮಳೆ", ಇನ್ನೊಬ್ಬ "ಮಲೆ" ಅಂದ್ರೆ ಆ ಹಾರ್ಮನಿ ಯಾವ ಯಂತ್ರದಲ್ಲೂ ಸರಿಯಾಗೂದಿಲ್ಲ.

ಕಾಳಿದಂಡೆ
ಕೊಡೆ ಬಾಗಿಲಲ್ಲೇ! ಇದನ್ನು ಬಳಸಬಹುದಾ?

ಸೋಂದಾ ಸಾಲು
ಬಳಸು. ಆದ್ರೆ ಚರಣ ನೀವೇ ಬರೀರಿ.

ಯಲ್ಲಾಪುರ ಲಯ
ನಡುವಿನ 8 ಬಾರಿಗೆ ಯಕ್ಷಗಾನದ ಚಂಡೆ ಹಾಕಿ. ನಮ್ಮ ಜಿಲ್ಲೆಯ ಗುರುತು ಅಂತ ಒಂದು ಬೇಕಲ್ಲ.

ಮಿಕ್ಸರ್ ಮಾಣಿ, ಶಿರಸಿ
ಚಂಡೆ ಬಯಲಲ್ಲಿ ಮೈಲಿ ದೂರ ಕೇಳಲಿಕ್ಕೆ ಅಂತಲೇ ಇರೋ ವಾದ್ಯ. ಮಾತು ಸ್ಪಷ್ಟ ಕೇಳಬೇಕಾದ 2ರಿಂದ 5 ಸಾವಿರ ಹರ್ಟ್ಜ್ ಜಾಗದಲ್ಲೇ ಅದರ ಪೆಟ್ಟು ಕೂರ್ತದೆ. ಒಂಟಿ ದನಿಯ ಹಾಡಿಗೆ ಅದನ್ನು ತಂದ್ರೆ ಹುಡುಗ ಬಾಯಿ ಆಡಿಸೂದಷ್ಟೇ ಕಾಣ್ತದೆ. ಬೇಕೇ ಬೇಕಾದ್ರೆ ಮದ್ದಲೆ ಹಾಕಿ, ಅದಕ್ಕೆ ಶ್ರುತಿ ಉಂಟು. ಹಾಡು ಬಿಳಿ ಆರಾದ್ರೆ ಮದ್ದಲೆಯೂ ಆ ಶ್ರುತಿಗೇ ಕೂರಬೇಕು. ಮೈಕು ಬಲಮುಚ್ಚಿಗೆಯಿಂದ (ಬಲಗಡೆಯ ಚರ್ಮದ ಮುಖ) ಎರಡು ಅಡಿ ದೂರ. ಮಳೆಗಾಲದಲ್ಲಿ ಚರ್ಮ ಸಡಿಲಾಗಿ ಅರ್ಧ ಗಂಟೆಗೊಮ್ಮೆ ಶ್ರುತಿ ಇಳೀತದೆ, ಪ್ರತಿ ಟೇಕಿಗೂ ನೋಡಬೇಕು.

ಹೊನ್ನಾವರ ಹಾರ್ಮನಿ
ನನ್ನ ಮಟ್ಟಿಗೆ ಮದ್ದಲೆಯೂ ಬೇಡ. ಹಾಡು ಗಟ್ಟಿ ಇಲ್ಲ ಅನ್ನಿಸಿದಾಗ ಜನ ಹೊಸ ವಾದ್ಯ ಹುಡುಕ್ತಾರೆ. ಹಂಚಿನಿಂದ ನೀರು ಬೀಳೋ ಸದ್ದನ್ನೇ ರೆಕಾರ್ಡ್ ಮಾಡಿ ಪೀಠಿಕೆಯ 4 ಬಾರಿಗೆ ಹಾಕಿ, ಜಿಲ್ಲೆಯ ಗುರುತು ಬಂತು.

ಯಲ್ಲಾಪುರ ಲಯ
ಒಪ್ಪಲಿಕ್ಕಾಗೂದಿಲ್ಲ, ಆದ್ರೂ ಹಂಚಿನ ನೀರು ಚಲೋ ಇದೆ.

ಮಿಕ್ಸರ್ ಮಾಣಿ, ಶಿರಸಿ
ರೆಕಾರ್ಡಿಂಗಿನ ಬಗ್ಗೆ ಒಂದೇ ಸಲ ಬರೀತೆ, ಉಳಿಸಿಟ್ಕೊಳ್ಳಿ.

ಕೋಣೆ: ಗಾರೆ ಹಾಕಿ ಬಣ್ಣ ಬಳಿದ ಗೋಡೆ ಬೇಡ, ದನಿ ಡಬ್ಬದಲ್ಲಿ ಕೂತ ಹಾಗೆ ಆಗ್ತದೆ. ಗಾರೆ ಇಲ್ಲದ ಚಿರೇಕಲ್ಲಿನ ಗೋಡೆ ತೂತುತೂತು ಇರೂದ್ರಿಂದ ಸದ್ದನ್ನು ಚೆದುರಿಸ್ತದೆ, ಅದು ವಾಸಿ. ಹಾಡುವವನ ಬೆನ್ನ ಹಿಂದೆ ಕಂಬಳಿ ಎರಡು ಪದರು ತೂಗಿ ಬಿಡಿ, ಗೋಡೆಗೆ ತಾಗದ ಹಾಗೆ ಅರ್ಧ ಅಡಿ ಬಿಟ್ಟು. ಜನ ಮೈಕಿನ ಹಿಂದೆ ಕಂಬಳಿ ಕಟ್ತಾರೆ. ಮೈಕು ಕೇಳಿಸಿಕೊಳ್ಳೂದು ಹಾಡುವವನ ಕಡೆಯದ್ದನ್ನು, ಅವನ ಬೆನ್ನ ಹಿಂದಿನ ಗೋಡೆಯದ್ದನ್ನು. ತಗಡಿನ ಶೀಟಿನ ಮಾಡು ಇದ್ರೆ ಮಳೆಗಾಲ ಮುಗಿಯೂವರೆಗೆ ಆಸೆ ಬಿಡಿ. ಘಟ್ಟದ ಮೇಲೆ ಜೀರುಂಡೆ ಕೂಗೋ ಹೊತ್ತೂ ಬೇಡ. ಅದರ ಸದ್ದು ಸಕಾರ ಇರೋ ಎತ್ತರದಲ್ಲೇ ಇರ್ತದೆ, ಅದನ್ನು ತೆಗೆಯಲಿಕ್ಕೆ ಹೋದ್ರೆ ಮಾತಿನ ಅಂಚೂ ಹೋಗ್ತದೆ.

ಮೈಕು: ಕಂಡೆನ್ಸರ್ ಮೈಕಿಗೆ ಕರಾವಳಿಯ ತೇವ ಶತ್ರು. ಟೇಕಿನ ನಡುವೆ ಚಟಪಟ ಅಂತ ಸದ್ದು ಬಂದ್ರೆ ಕೇಬಲ್ ಬದಲಾಯಿಸೂ ಮೊದಲು ಮೈಕಿನೊಳಗೆ ತೇವ ಹೋಗಿದೆಯಾ ನೋಡಿ. ಬಳಸದಾಗ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಹರಳಿನ ಜೊತೆ ಇಡಿ, ನೀಲಿ ಹರಳು ಗುಲಾಬಿಯಾದ್ರೆ ಒಣಗಿಸಿ ಮತ್ತೆ ಹಾಕಿ. ಚರಣಕ್ಕೆ ಬಾಯಿ ಮತ್ತು ಮೈಕಿನ ನಡುವೆ ಒಂದು ಗೇಣಿಗಿಂತ ಕಡಿಮೆ, ಪಲ್ಲವಿಗೆ ಒಂದೂವರೆ ಗೇಣು. ಹತ್ತಿರ ಬಂದಷ್ಟೂ ದನಿಯ ಕೆಳಭಾಗ ತುಂಬಿಕೊಳ್ತದೆ, ಕಿವಿಯ ಹತ್ತಿರ ಮಾತಾಡಿದ ಹಾಗೆ. ಬಲಿತ ದನಿಯ ಅರ್ಧ ಕೆಲಸ ಅಲ್ಲೇ ಆಗ್ತದೆ, ಪುಕ್ಕಟೆಯಾಗಿ.

ಲೆವೆಲ್ಲು: 24 ಬಿಟ್, 48 ಕಿಲೋಹರ್ಟ್ಜ್, ಅತಿ ಜೋರಿನ ಜಾಗ ಮೈನಸ್ 10 ಡಿಬಿ ದಾಟದ ಹಾಗೆ. ಲೀಡಿಗೆ 90 ಹರ್ಟ್ಜ್‌ನಿಂದ ಕೆಳಗೆ ಕತ್ತರಿಸಿ, ಹಾರ್ಮನಿಗೆ 180ರಿಂದ. ಹಾರ್ಮನಿಯವರ ಎದೆದನಿ ಉಳಿದ್ರೆ ಲೀಡ್ ಒಬ್ಬನೇ ಇದ್ದಾನೆ ಅನ್ನಿಸೂದಿಲ್ಲ. ಕಂಪ್ರೆಸರ್ (ಜೋರಾದ ಜಾಗವನ್ನು ಕುಗ್ಗಿಸೋ ಸಾಧನ) 3:1, ಮೀಟರು 4ರಿಂದ 5 ಡಿಬಿ ಕುಗ್ಗಲಿ, ಅದಕ್ಕಿಂತ ಹೆಚ್ಚು ಬೇಡ. ಎಕೋ ಬೇಕಾದ್ರೆ 96 ಬಿಪಿಎಂಗೆ 469 ಮಿಲಿಸೆಕೆಂಡು, ಸಾಲಿನ ಕೊನೇ ಪದಕ್ಕೆ ಮಾತ್ರ. ಶ್ರುತಿ ತಿದ್ದೋ ತಂತ್ರಾಂಶವನ್ನು ಪೂರ್ತಿ ಟ್ರ್ಯಾಕಿಗೆ ಬಿಡಬೇಡಿ. ಕನ್ನಡದ ಗಮಕವನ್ನು ಅದು ತಪ್ಪು ಅಂತ ತಿಳಿದು ಮೆಟ್ಟಿಲು ಮಾಡಿ ಹಾಕ್ತದೆ. ಹಾಳಾದ ಸ್ವರ ಆರಿಸಿ ಒಂದೊಂದಾಗಿ ತಿದ್ದಿ.

ಬೈತಖೋಲ್ ಬೇಸ್
ಬಿಡುಗಡೆಗೆ: ಮೈನಸ್ 14 ಎಲ್‌ಯುಎಫ್‌ಎಸ್ (ಇಡೀ ಹಾಡಿನ ಜೋರಿನ ಅಳತೆ) ಸುತ್ತಮುತ್ತ ಇಡಿ, ತುದಿ ಮೈನಸ್ 1 ಡಿಬಿ. ಸ್ಪಾಟಿಫೈ ಆ ಮಟ್ಟಕ್ಕೇ ತರ್ತದೆ, ನೀವು ಹಿಂಡಿ ಜೋರು ಮಾಡಿದ್ರೆ ಅದು ಇಳಿಸಿಯೇ ಹಾಕ್ತದೆ, ಹಿಂಡಿದ ನೋವು ಮಾತ್ರ ಉಳೀತದೆ. ಮುಖಚಿತ್ರ 3000 ಪಿಕ್ಸೆಲ್ ಚೌಕ. ಬಿಡುಗಡೆ ಶುಕ್ರವಾರ ಇಟ್ಕೊಳ್ಳಿ, 2015ರ ಜುಲೈನಿಂದ ಜಗತ್ತಿನಲ್ಲೆಲ್ಲ ಅದೇ ವಾರ. ವಿತರಕರಿಗೆ ಮೂರು ವಾರ ಮೊದಲೇ ಫೈಲ್ ಕೊಡಿ.

ಕಾಳಿದಂಡೆ
ಎಲ್ಲ ಬರ್ಕೊಂಡೆ. ಕೊನೇ ಪ್ರಶ್ನೆ: ಇದನ್ನು ಟಾಗೋರ್ ಕಡಲತೀರದ ವೇದಿಕೆಯಲ್ಲಿ ಹಾಡ್ಬೇಕಾದ್ರೆ? ಟ್ರ್ಯಾಕ್ ಲ್ಯಾಪ್‌ಟಾಪಿಂದ, ದನಿ ಐದೂ ಲೈವ್.

ಹೊನ್ನಾವರ ಹಾರ್ಮನಿ
ಕುಣಿತ ತೆಗೀರಿ. ಕುಣಿದು ಏದುಸಿರು ಬಿಡ್ತಾ ಎದೆಹತ್ತಿರದ ದನಿ ಬರೂದಿಲ್ಲ. ಐದು ಸ್ಟೂಲು ಬೇಡ, ಅದೂ ಹಳೇ ಪದ್ಧತಿಯೇ. ಲೀಡ್ ಸ್ಟ್ಯಾಂಡ್ ಮೈಕಿನ ಎದುರು ನಿಲ್ಲಲಿ, ಉಳಿದವರು ಎರಡು ಮಾರು ಹಿಂದೆ. ಮೂರನೆಯವನು ಹಿಡಿಯೋ ಪಂಚಮ ಲೀಡಿನ ಮಾನಿಟರಿನಲ್ಲಿ ಜೋರಾಗಿ ಬರಬೇಕು; ಬಯಲಲ್ಲಿ ಶ್ರುತಿ ಬಿಡೂದು ಅದು ಕೇಳದಿದ್ದಾಗಲೇ.

ಮಿಕ್ಸರ್ ಮಾಣಿ, ಶಿರಸಿ
ಸಂಜೆ ಕಡಲಗಾಳಿ ನೇರ ವೇದಿಕೆಗೆ ಬಡೀತದೆ, ಐದೂ ಮೈಕಿಗೆ ಫೋಮ್ ಟೋಪಿ ಹಾಕಿ, 120 ಹರ್ಟ್ಜ್‌ನಿಂದ ಕೆಳಗೆ ಕತ್ತರಿಸಲಿಕ್ಕೆ ಹೇಳಿ. ಹಾಡದೇ ಇರುವವನ ಮೈಕು ಮುಚ್ಚಿರಬೇಕು. ಐದು ಮೈಕು ತೆರೆದಿಟ್ರೆ ಅಲೆಯ ಸದ್ದು ಐದು ಪಟ್ಟು ಬರ್ತದೆ, ಪಲ್ಲವಿಯಲ್ಲಿ ಕುಯ್ ಅನ್ನೂದೂ ಶುರು.

ಟ್ರ್ಯಾಕಿನ ಫೈಲಿನಲ್ಲಿ ಎಡಕ್ಕೆ ಕ್ಲಿಕ್ (ಹಾಡುವವರಿಗೆ ಮಾತ್ರ ಕೇಳೋ ತಾಳದ ಟಕ್ ಟಕ್), ಬಲಕ್ಕೆ ಸಂಗೀತ, ಎರಡೂ ಮೋನೋ. ಲ್ಯಾಪ್‌ಟಾಪಿನಿಂದ ಎರಡು ಬೇರೆ ಡಿಐ ಬಾಕ್ಸಿಗೆ (ಸದ್ದನ್ನು ಶುದ್ಧವಾಗಿ ಮಿಕ್ಸರಿಗೆ ಮುಟ್ಟಿಸೋ ಡಬ್ಬ) ಹೋಗಬೇಕು, ನೇರ ಹಾಕಿದ್ರೆ ಚಾರ್ಜರಿನ ಗುಂಯ್ ಸದ್ದು ಸೇರ್ತದೆ. ವೈಫೈ ಬಂದ್, ನೋಟಿಫಿಕೇಶನ್ ಬಂದ್.

ಕಾಳಿದಂಡೆ
ಕ್ಲಿಕ್ ಜನರಿಗೆ ಕೇಳದ ಹಾಗೆ ಎಂತ ಮಾಡೂದು? ಸೌಂಡಿನವರಿಗೆ ಬಾಯಲ್ಲಿ ಹೇಳಿದ್ರೆ ಸಾಕಾ?

ಮಿಕ್ಸರ್ ಮಾಣಿ, ಶಿರಸಿ
ಸಾಕಾಗೂದಿಲ್ಲ. ಹಿಂದಿನ ತಂಡ ಎರಡೂ ಚಾನೆಲ್ಲಿಗೆ ಹಾಡು ಹಾಕಿರ್ತದೆ, ಅವರು ಅದೇ ಸೆಟ್ಟಿಂಗಿನಲ್ಲಿ ಎರಡೂ ಫೇಡರ್ ಏರಿಸ್ತಾರೆ, ಮೊದಲ 4 ಬಾರಿನ ಹಂಚಿನ ನೀರಿನ ಮೇಲೆ ಟಕ್ ಟಕ್ ಅಂತ ಇಡೀ ಬೀಚಿಗೆ ಕೇಳ್ತದೆ. ಎಡದ ಜ್ಯಾಕಿಗೆ ಕೆಂಪು ಟೇಪು ಸುತ್ತಿ, "ಕ್ಲಿಕ್, ಹೊರಗೆ ಬೇಡ" ಅಂತ ಬರೆದು, ಆ ಚಾನೆಲ್ಲಿನ ಮುಖ್ಯ ಔಟ್ ಬಟನ್ ಒತ್ತಿಲ್ಲ ಅನ್ನೂದನ್ನು ಸೌಂಡ್ ಚೆಕ್ ಹೊತ್ತಿಗೆ ಕಣ್ಣಾರೆ ನೋಡಿ ಬನ್ನಿ. ಹಾಡು ಶುರುವಾಗೂ ಮೊದಲು ಮತ್ತೊಂದು ಸಲ.